ವಿಮೆ ಇದೆ, ಅಮ್ಮ ಇದ್ದಾರೆ. ಹಾಸಿಗೆ ಹಿಡಿದವರ ಆರೈಕೆಗೆ ಅಷ್ಟು ಸಾಕಾ?

ಕುಮಟಾದಲ್ಲಿ ಪಾರ್ಶ್ವವಾಯು ಬಡಿದು ಮಲಗಿರುವ ಅಪ್ಪನ ಬಗ್ಗೆ ನೀವು ಕೇಳಿದ್ದೀರಿ. ಅಷ್ಟು ಸಾಲದು.

ಆರೋಗ್ಯ ವಿಮೆ ಇರುವುದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದ ಖರ್ಚಿಗೆ. ಮನೆಯಲ್ಲಿ ನೋಡಿಕೊಳ್ಳುವವರ ಸಂಬಳ, ಡೈಪರ್ ಖರ್ಚು ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ. ಅದಕ್ಕೆ ಬೇರೆ ದುಡ್ಡು ತೆಗೆದಿಡಿ.

‘ಸುಮ್ನೆ ಮಲಗಿರಲಿ, ಆರಾಮ ಸಿಗಲಿ’ ಅನ್ನುವುದು ಇನ್ನೂ ದೊಡ್ಡ ತಪ್ಪು. ಒಂದೇ ಮಗ್ಗುಲಲ್ಲಿ ಮಲಗಿದ್ದರೆ ಒತ್ತಡ ಬಿದ್ದು ಚರ್ಮ ಹುಣ್ಣಾಗುತ್ತದೆ, ಅದಕ್ಕೇ ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬೆನ್ನಿನ ಕೆಳತುದಿ, ಸೊಂಟದ ಪಕ್ಕ, ಹಿಮ್ಮಡಿಗಳನ್ನು ದಿನಾ ನೋಡಿ. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ಬಿಡಿ. ಒತ್ತಿದರೂ ಕೆಂಪು ಮಾಸದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದೇ ತಿಳಿದು ವೈದ್ಯರಿಗೆ ಹೇಳಿ. ಆ ಜಾಗವನ್ನು ತಿಕ್ಕಬೇಡಿ. ಮೈಬಣ್ಣ ಕಪ್ಪಾಗಿದ್ದರೆ ಕೆಂಪು ಕಾಣದೇ ಇರಬಹುದು, ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಿ. ನಮ್ಮ ಕರಾವಳಿಯ ಸೆಕೆಗೆ ಬೆವರಿ ಒದ್ದೆಯಾದ ಚರ್ಮ ಬೇಗ ಕೆಡುತ್ತದೆ. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಹಾಸುಬಟ್ಟೆ ಜಾಸ್ತಿ ಇರಲಿ.

ಇದನ್ನೆಲ್ಲ ಹಗಲು ರಾತ್ರಿ ಅಮ್ಮ ಒಬ್ಬರೇ ಮಾಡಲು ಆಗುತ್ತದಾ? ಅವರ ಸೊಂಟ, ನಿದ್ದೆಯ ಬಗ್ಗೆಯೂ ಕೇಳಿ. ಬೆಂಗಳೂರಲ್ಲಿರುವ ಮಕ್ಕಳು ದುಡ್ಡು ಕಳಿಸಿದರೆ ಮುಗಿಯಲಿಲ್ಲ, ಸರದಿಯ ಮೇಲೆ ಬಂದು ಅಮ್ಮನಿಗೆ ಬಿಡುವು ಕೊಡಬೇಕು. ಹಿರಿಯರ ಸಹಾಯವಾಣಿ 14567ಕ್ಕೆ ಉಚಿತವಾಗಿ ಕರೆ ಮಾಡಬಹುದು.