ಇನ್, ಆನ್, ಆ್ಯಟ್ ಮತ್ತು ಪದಗಳ ಕ್ರಮ: ಅಕ್ಕನ ಪ್ರಶ್ನೆಗೆ ಉತ್ತರ

ಅಕ್ಕ, ಹೋಮ್‌ಸ್ಟೇ ಅತಿಥಿಗೆ ನೀವು ಬರೆದ ‘ಐ ಆ್ಯಮ್ ಇನ್ ದ ಗೇಟ್’ ಎಂಬುದನ್ನು ಮಗಳು ‘ಆ್ಯಟ್ ದ ಗೇಟ್’ ಎಂದು ತಿದ್ದಿದಳು, ಕಾರಣ ಮಾತ್ರ ಹೇಳಲಿಲ್ಲ ಎಂದಿದ್ದೀರಿ. ಕಾರಣವಿರುವುದು ನಮ್ಮ ‘ಅಲ್ಲಿ’ ಎಂಬ ಪ್ರತ್ಯಯದಲ್ಲಿ. ಗೇಟಿನಲ್ಲಿ, ರಸ್ತೆಯಲ್ಲಿ, ಗೋದಾಮಿನಲ್ಲಿ ಎಂದು ನಾವು ಎಲ್ಲಕ್ಕೂ ಅದೊಂದನ್ನೇ ಹಚ್ಚುತ್ತೇವೆ. ಇಂಗ್ಲಿಷಾದರೋ ಗೇಟನ್ನು ಒಂದು ಬಿಂದುವಾಗಿ ಕಂಡು ‘ಆ್ಯಟ್’, ರಸ್ತೆಯನ್ನು ಮೇಲ್ಮೈಯಾಗಿ ಕಂಡು ‘ಆನ್’, ನಾಲ್ಕು ಗೋಡೆಗಳ ಗೋದಾಮಿಗೆ ‘ಇನ್’ ಎನ್ನುತ್ತದೆ. ಆದ್ದರಿಂದ ಪ್ರತ್ಯಯವನ್ನು ಅನುವಾದಿಸಲು ಹೋಗದೆ, ಆ ಜಾಗವನ್ನು ಕಣ್ಣ ಮುಂದೆ ತಂದುಕೊಳ್ಳಿ. ಆದರೂ ರೂಢಿಯಿಂದಲೇ ಕಲಿಯಬೇಕಾದವು ಕೆಲವಿವೆ: ತೋಟದಲ್ಲಿ ಕೆಲಸ ಮಾಡುತ್ತಾರೆ ಎನ್ನಲು ‘ದೇ ವರ್ಕ್ ಆನ್ ದ ಎಸ್ಟೇಟ್’, ಜೀಪಿನಲ್ಲಿ ಬಂದರೆ ‘ಇನ್ ಎ ಜೀಪ್’, ಬಸ್ಸಿನಲ್ಲಿದ್ದರೆ ‘ಆನ್ ದ ಬಸ್’. ಕಾಲಕ್ಕೆ ಬಂದರೆ ಗಂಟೆಗೆ ‘ಆ್ಯಟ್’, ದಿನಕ್ಕೆ ‘ಆನ್’, ತಿಂಗಳಿಗೆ ‘ಇನ್’.

ವ್ಯಾಪಾರದಲ್ಲಿ ಇದಕ್ಕಿಂತ ಹೆಚ್ಚು ತೊಂದರೆ ಕೊಡುವುದು ‘ಬೈ’ ಮತ್ತು ‘ಟಿಲ್’. ಕಳೆದ ರೋಬಸ್ಟಾ ಕಾಫಿ ಕೊಯ್ಲಿನಲ್ಲಿ ಹೊರರಾಜ್ಯದ ಖರೀದಿದಾರರೊಬ್ಬರಿಗೆ ನಾನು ‘ದ ಬ್ಯಾಗ್ಸ್ ವಿಲ್ ಬಿ ರೆಡಿ ಟಿಲ್ ಫ್ರೈಡೇ’ ಎಂದು ಬರೆದಿದ್ದೆ. ಶುಕ್ರವಾರದೊಳಗೆ ಸಿದ್ಧವಾಗುತ್ತವೆ ಎಂಬುದು ನನ್ನ ಮನಸ್ಸಿನಲ್ಲಿದ್ದದ್ದು. ಅವರು ಓದಿಕೊಂಡದ್ದು ಶುಕ್ರವಾರದವರೆಗೆ ಸಿದ್ಧವಾಗಿಯೇ ಇರುತ್ತವೆ ಎಂದು. ಬುಧವಾರವೇ ಲಾರಿ ಬಂದು ನಿಂತಿತು, ಚೀಲಗಳ ಬಾಯಿಯನ್ನು ಇನ್ನೂ ಹೊಲಿದಿರಲಿಲ್ಲ. ‘ಒಳಗೆ’ ಎಂಬ ಗಡುವಿಗೆ ‘ಬೈ ಫ್ರೈಡೇ’ ಎಂದೇ ಬರೆಯಬೇಕು. ‘ವಿದಿನ್ ಫ್ರೈಡೇ’ ಕೂಡ ಸರಿಯಲ್ಲ, ‘ವಿದಿನ್’ ಆದ ಮೇಲೆ ಎರಡು ದಿನ, ಒಂದು ವಾರ ಎಂಬಂಥ ಅವಧಿ ಬರಬೇಕು.

ಇನ್ನು ಪದಗಳ ಕ್ರಮ. ‘ನಾಯಿ ಹಂದಿಯನ್ನು ಕಚ್ಚಿತು’ ಎಂದರೂ ‘ಹಂದಿಯನ್ನು ನಾಯಿ ಕಚ್ಚಿತು’ ಎಂದರೂ ನಮಗೆ ಕಚ್ಚಿದ್ದು ನಾಯಿಯೇ, ಏಕೆಂದರೆ ಅದನ್ನು ತಿಳಿಸಲು ‘ಅನ್ನು’ ಇದೆ. ಇಂಗ್ಲಿಷಿನಲ್ಲಿ ಅಂಥ ಪ್ರತ್ಯಯವಿಲ್ಲದ ಕಾರಣ ಆ ಕೆಲಸವನ್ನು ಪದದ ಸ್ಥಾನ ಮಾಡುತ್ತದೆ. ‘ದ ಡಾಗ್ ಬಿಟ್ ದ ಬೋರ್’ ಎಂಬುದನ್ನು ತಿರುಗಿಸಿದರೆ ಕಚ್ಚಿಸಿಕೊಂಡದ್ದು ನಾಯಿಯಾಗುತ್ತದೆ. ‘ನಾಳೆ ಗೋಣಿಕೊಪ್ಪಲಿಗೆ ಹತ್ತು ಚೀಲ ಕಾಳುಮೆಣಸು ಕಳುಹಿಸುತ್ತೇನೆ’ ಎಂಬುದನ್ನು ಬರೆಯುವಾಗ ಮೊದಲು ಯಾರು, ಕೂಡಲೇ ಕ್ರಿಯಾಪದ, ಆಮೇಲೆ ವಸ್ತು, ಊರು, ಕೊನೆಗೆ ಕಾಲ ಎಂದು ಇಟ್ಟುಕೊಳ್ಳಿ: ‘ಐ ವಿಲ್ ಸೆಂಡ್ ಟೆನ್ ಬ್ಯಾಗ್ಸ್ ಆಫ್ ಪೆಪ್ಪರ್ ಟು ಗೋಣಿಕೊಪ್ಪಲ್ ಟುಮಾರೋ.’ ‘ಟುಮಾರೋ’ ಒಂದನ್ನು ಮುಂದೆ ತಂದರೂ ತಪ್ಪಿಲ್ಲ.

ನೀವು ಅತಿಥಿಗೆ ಕಳುಹಿಸಿದ ‘ವೆನ್ ಯು ಆರ್ ಕಮಿಂಗ್?’ ಎಂಬುದರಲ್ಲಿಯೂ ಕ್ರಮವೇ ತಪ್ಪಿದೆ. ನೇರವಾಗಿ ಕೇಳುವಾಗ ‘ವೆನ್ ಆರ್ ಯು ಕಮಿಂಗ್?’ ಎಂದಾಗಬೇಕು. ಆದರೆ ಮುಂದೆ ‘ಪ್ಲೀಸ್ ಟೆಲ್ ಮಿ’ ಎಂದು ಸೇರಿಸಿದಿರೋ, ನೀವು ಬರೆದಿದ್ದ ಕ್ರಮವೇ ಸರಿಯಾಗುತ್ತದೆ: ‘ಪ್ಲೀಸ್ ಟೆಲ್ ಮಿ ವೆನ್ ಯು ಆರ್ ಕಮಿಂಗ್.’ ಅತಿಥಿಗಳಿಗೆ ಈ ಎರಡನೆಯದನ್ನೇ ಕಳುಹಿಸಿ, ಅದು ಹೆಚ್ಚು ಮರ್ಯಾದೆಯಾಗಿಯೂ ಕೇಳುತ್ತದೆ.