ಮಗ್ಗುಲು ಬದಲಿಸಿದರೆ ಕೋಣೆ ತಿರುಗುತ್ತೆ, ವಿಡಿಯೋ ನೋಡಿ ಎಪ್ಲಿ ಕಸರತ್ತು ಮಾಡಿಕೊಳ್ಳಲಾ, ತಲೆಸುತ್ತಿಗೆ ಕೊಟ್ಟ ವರ್ಟಿನ್ ಮಾತ್ರೆಯನ್ನೇ ಮುಂದುವರಿಸಲಾ?

ಸದ್ಯಕ್ಕೆ ಎರಡೂ ಬೇಡ. ತಲೆಸುತ್ತಿನವರಿಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್ ಆಗಿ ಹೇಳ್ತೀನಿ, ಮೊದಲು ಗೊತ್ತಾಗಬೇಕಿರೋದು ಯಾವ ಕಿವಿ, ಯಾವ ನಾಳ ಅನ್ನೋದು.

ಹೊರಳಿದಾಗ ಅರ್ಧ ನಿಮಿಷ ಸುತ್ತಿ ನಿಲ್ಲುತ್ತೆ ಅಂತ ಬರೆದಿದ್ದೀರಿ. ಅದು ಬಿಪಿಪಿವಿ ಇರಬಹುದು, ಅಂದರೆ ಒಳಕಿವಿಯ ಸಣ್ಣ ಕ್ಯಾಲ್ಸಿಯಂ ಹರಳುಗಳು ಜಾರಿ ಅರ್ಧವೃತ್ತದ ನಾಳ ಸೇರಿರೋದು. ಎಪ್ಲಿ, ಅಂದರೆ ತಲೆಯನ್ನು ಹಂತ ಹಂತವಾಗಿ ತಿರುಗಿಸಿ ಹರಳನ್ನು ಜಾಗಕ್ಕೆ ಕಳಿಸೋ ಕಸರತ್ತು, ಒಳ್ಳೇ ಮದ್ದೇ. ಆದರೆ ಅದನ್ನು ರೂಪಿಸಿದ್ದು ಒಳಕಿವಿಯ ಮೂರು ನಾಳಗಳಲ್ಲಿ ಹಿಂಬದಿಯ ನಾಳಕ್ಕೆ.

ಜನ ಎಡವೋದು ಇಲ್ಲೇ: ‘ಎಡಕ್ಕೆ ಹೊರಳಿದರೆ ಜೋರು, ಹಾಗಾಗಿ ಎಡಗಿವಿ.’ ಹರಳು ಅಡ್ಡ ನಾಳದಲ್ಲಿದ್ದರೆ ಎರಡೂ ಮಗ್ಗುಲಿಗೆ ಸುತ್ತುತ್ತೆ. ಅದು ನಾಳದಲ್ಲಿ ತೇಲದೆ ಒಳಗಿನ ಪರದೆಗೆ ಅಂಟಿದ್ದರಂತೂ ಜೋರಾಗಿ ಸುತ್ತುವ ಕಡೆಯದೇ ಚೆನ್ನಾಗಿರೋ ಕಿವಿ! ತಪ್ಪು ಕಿವಿಗೆ ಎಪ್ಲಿ ಮಾಡಿ, ವಾಂತಿ ಮಾಡಿಕೊಂಡು, ‘ಇದು ಕೆಲಸ ಮಾಡಲ್ಲ’ ಅಂತ ಕೈಬಿಡ್ತಾರೆ.

ಇದನ್ನು ತೀರ್ಮಾನಿಸೋದು ಕಣ್ಣು. ಡಿಕ್ಸ್-ಹಾಲ್‌ಪೈಕ್ ಪರೀಕ್ಷೆಯಲ್ಲಿ ತಲೆಯನ್ನು 45 ಡಿಗ್ರಿ ಒಂದು ಪಕ್ಕಕ್ಕೆ ತಿರುಗಿಸಿ, ಬೇಗ ಹಿಂದಕ್ಕೆ ಮಲಗಿಸಿ, ಕತ್ತನ್ನು ಮಂಚದ ಅಂಚಿನಿಂದ 20 ಡಿಗ್ರಿಯಷ್ಟು ಕೆಳಗಿಳಿಸ್ತಾರೆ. ಹಿಂಬದಿಯ ನಾಳವಾದರೆ ಕೆಲವು ಸೆಕೆಂಡ್ ಏನೂ ಇರಲ್ಲ. ಆಮೇಲೆ ಕಣ್ಣುಗುಡ್ಡೆ ಮೇಲಕ್ಕೆ, ಕೆಳಗಿರುವ ಕಿವಿಯತ್ತ ತಿರುಚಿಕೊಂಡು ಮಿಡಿಯುತ್ತೆ, ನಿಮಿಷದೊಳಗೆ ನಿಲ್ಲುತ್ತೆ. ಅಡ್ಡಕ್ಕೆ ಮಿಡಿದರೆ ಬೇರೆ ನಾಳ, ಬೇರೆ ಕಸರತ್ತು. ಮಲಗಿಸಿದ ತಕ್ಷಣ ನೇರ ಕೆಳಕ್ಕೆ ಮಿಡಿಯುತ್ತಾ ನಿಲ್ಲದೇ ಹೋದರೆ ಮಿದುಳಿನ ಕಡೆ ನೋಡಬೇಕಾಗುತ್ತೆ. ಸುತ್ತು ಬಂದಾಗ ನಿಮ್ಮ ಕಣ್ಣನ್ನು ನೀವೇ ನೋಡಿಕೊಳ್ಳೋಕೆ ಆಗಲ್ಲವಲ್ಲ. ಮನೆಯವರಿಗೆ ಹೇಳಿ ಆ ಹೊತ್ತಿನಲ್ಲಿ ಕಣ್ಣಿನ ವಿಡಿಯೋ ತೆಗೆಸಿಡಿ, ಇಎನ್‌ಟಿ ಡಾಕ್ಟರಿಗೆ ಉಪಯೋಗಕ್ಕೆ ಬರುತ್ತೆ.

ವರ್ಟಿನ್ ಆಗಲಿ, ಬೇರೆ ಮಾತ್ರೆಯಾಗಲಿ, ಅದರಿಂದ ಹರಳು ಜಾಗಕ್ಕೆ ವಾಪಸ್ ಹೋಗಲ್ಲ. ಸ್ಟೆಮೆಟಿಲ್, ಸ್ಟುಜೆರಾನ್ ಥರದವು ವಾಕರಿಕೆಗೆ ಎರಡು ಮೂರು ದಿನ ಸರಿ. ತಿಂಗಳುಗಟ್ಟಲೆ ನುಂಗಿದರೆ ಮಿದುಳು ತಾನಾಗಿ ಸರಿದೂಗಿಸಿಕೊಳ್ಳೋದೂ ನಿಧಾನ, ವಯಸ್ಸಾದವರಿಗೆ ಕೈನಡುಕ, ಮೈಬಿಗಿತವೂ ಬರಬಹುದು. (ಪಿತ್ತ ಅಂತ ನಿಂಬೆ ಶರಬತ್ತು ಕುಡಿಯೋದರಿಂದ ತೊಂದರೆಯಿಲ್ಲ, ತಡವಾಗುತ್ತೆ ಅಷ್ಟೇ.)

ಎದ್ದು ನಿಂತಾಗ ಮಾತ್ರ ಕಣ್ಣು ಕತ್ತಲೆ ಬರುತ್ತಿದ್ದರೆ ಕಥೆಯೇ ಬೇರೆ. ಐದು ನಿಮಿಷ ಮಲಗಿ ಬಿಪಿ ನೋಡಿ, ಎದ್ದು ನಿಂತು ಒಂದನೇ, ಮೂರನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20ರಷ್ಟು ಇಳಿದರೆ ಡಾಕ್ಟರಿಗೆ ತೋರಿಸಿ, ಬಿಪಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಮಾತು ತೊದಲುವುದು, ಎರಡೆರಡು ಕಾಣುವುದು, ಮುಖ ಸೊಟ್ಟಗಾಗುವುದು, ನಿಲ್ಲಲೂ ಆಗದಿರುವುದು, ಹಿಂದೆಂದೂ ಬಾರದಂಥ ತಲೆನೋವು, ಇವುಗಳಲ್ಲಿ ಒಂದಿದ್ದರೂ ಆಗಲೇ 108ಕ್ಕೆ ಕರೆ ಮಾಡಿ. ಒಂದು ಕಿವಿ ದಿಢೀರನೆ ಕೇಳದಾದರೆ ಅದೇ ದಿನ ಇಎನ್‌ಟಿ ಹತ್ತಿರ ಹೋಗಿ. ಯಾವುದಕ್ಕಾಗಲಿ, ಸ್ಕೂಟರ್ ನೀವು ಓಡಿಸಬೇಡಿ.