‘ನೋಡೋಣ’ ಎಂದದ್ದು ಒಪ್ಪಿಗೆಯಾದಾಗ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ವಿದೇಶಿ ಗ್ರಾಹಕರ ಸಾಫ್ಟ್‌ವೇರ್ ಪ್ರಾಜೆಕ್ಟ್‌ಗಳಲ್ಲಿ ದುಡಿಯುವ ಕಿರಿಯ ಕನ್ಸಲ್ಟೆಂಟ್‌ಗಳಿಂದ ಬಂದಿವೆ. ಒಂದು ಮಾತ್ರ ಅಂಥವರೊಬ್ಬರ ತಾಯಿಯದು. ಇದೇ ಕೆಲಸದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದವನಾದ್ದರಿಂದ ಉತ್ತರಿಸುವ ಧೈರ್ಯ ಮಾಡಿದ್ದೇನೆ. ಬರೆದವರ ಗುರುತು ಸಿಗುವ ವಿವರಗಳನ್ನು ತೆಗೆದುಹಾಕಿದ್ದೇನೆ.

ಪ್ರಶ್ನೆ: ನನ್ನ ಮಗ ಬೆಂಗಳೂರಿನಲ್ಲಿ ‘ಎಸ್‌ಎಪಿ ಕನ್ಸಲ್ಟೆಂಟ್’ ಆಗಿದ್ದಾನೆ. ಏನು ಕೆಲಸವೆಂದು ಕೇಳಿದರೆ ‘ನಿನಗೆ ಅರ್ಥವಾಗುವುದಿಲ್ಲ, ಬಿಡಮ್ಮ’ ಎನ್ನುತ್ತಾನೆ. ನಾನು ಊರಿನ ಹಾಲಿನ ಸೊಸೈಟಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವಳು. ಅವನ ಕೆಲಸವಾದರೂ ಏನು?
— ಒಬ್ಬ ತಾಯಿ, ಹಾಸನ ಜಿಲ್ಲೆ

ಹಾಲಿನ ಸೊಸೈಟಿಯ ಲೆಕ್ಕ ಬರೆದವರಿಗೆ ಅರ್ಥವಾಗದಿದ್ದರೆ ಇದು ಇನ್ನಾರಿಗೂ ಅರ್ಥವಾಗುವಂಥದ್ದಲ್ಲ. ಬೆಳಿಗ್ಗೆ ಹಾಲು ಅಳೆದು, ಕೊಬ್ಬಿನಂಶ ನೋಡಿ, ಉತ್ಪಾದಕರ ಖಾತೆಗೆ ಜಮಾ ಹಾಕಿ, ಅವರು ಒಯ್ದ ಪಶು ಆಹಾರದ ಬಾಕಿಯನ್ನು ಅದರಲ್ಲಿ ಮುರಿದುಕೊಂಡು, ಬಟವಾಡೆಯ ದಿನ ನಾಲ್ಕೈದು ಪುಸ್ತಕಗಳನ್ನು ಒಂದಕ್ಕೊಂದು ತಾಳೆ ನೋಡುತ್ತಿದ್ದಿರಲ್ಲವೇ? ಒಂದು ದೊಡ್ಡ ಕಾರ್ಖಾನೆಯ ಖರೀದಿ, ದಾಸ್ತಾನು, ಉತ್ಪಾದನೆ, ಮಾರಾಟ, ಸಂಬಳಗಳ ಪುಸ್ತಕಗಳೆಲ್ಲ ಒಂದೇ ಕಡೆ ಸೇರಿಕೊಂಡು, ಒಂದರಲ್ಲಿ ಬರೆದದ್ದು ಉಳಿದವುಗಳಲ್ಲಿ ತಾನಾಗಿಯೇ ಏರುವಂತೆ ಮಾಡುವ ಸಾಫ್ಟ್‌ವೇರ್ ಈ ಎಸ್‌ಎಪಿ. 1972ರಲ್ಲಿ ಐಬಿಎಂ ಬಿಟ್ಟು ಬಂದ ಐವರು ಜರ್ಮನಿಯಲ್ಲಿ ಸ್ಥಾಪಿಸಿದ ಕಂಪನಿ ಅದನ್ನು ತಯಾರಿಸುತ್ತದೆ. ಅದರ ಕೇಂದ್ರ ಕಚೇರಿ ವಾಲ್‌ಡಾರ್ಫ್ ಎಂಬ ಸಣ್ಣ ಊರಿನಲ್ಲಿದೆ.

ಸಾಫ್ಟ್‌ವೇರ್ ಸಿದ್ಧವಾಗಿಯೇ ಬರುತ್ತದೆಯಾದರೂ ಪ್ರತಿಯೊಂದು ಕಾರ್ಖಾನೆಯ ಪದ್ಧತಿ ಬೇರೆಯಾಗಿರುತ್ತದೆ. ನಿಮ್ಮ ಸೊಸೈಟಿಯಲ್ಲಿ ಬಾಕಿ ಮುರಿದುಕೊಳ್ಳುವ ಕ್ರಮ ಪಕ್ಕದ ಊರಿನ ಸೊಸೈಟಿಯಲ್ಲಿ ಇರಲಿಕ್ಕಿಲ್ಲ. ಗ್ರಾಹಕರ ಪದ್ಧತಿಯನ್ನು ಕೇಳಿ ತಿಳಿದುಕೊಂಡು, ಅದಕ್ಕೆ ತಕ್ಕಂತೆ ಸಾಫ್ಟ್‌ವೇರನ್ನು ಹೊಂದಿಸಿ, ಹೊಂದದ ಕಡೆ ಪದ್ಧತಿಯನ್ನೇ ಬದಲಿಸಿಕೊಳ್ಳುವಂತೆ ಅವರನ್ನು ಒಪ್ಪಿಸುವವನು ನಿಮ್ಮ ಮಗ. ಅವನು ಈಗ ಇಷ್ಟು ಒತ್ತಡದಲ್ಲಿರುವುದಕ್ಕೂ ಕಾರಣವಿದೆ. ‘ಎಸ್ ಫೋರ್ ಹಾನಾ’ ಎಂಬ ಹೊಸ ಆವೃತ್ತಿ 2015ರಲ್ಲಿ ಬಂದಿದೆ. ಹಳೆಯ ಆವೃತ್ತಿಯ ಸಾಮಾನ್ಯ ನಿರ್ವಹಣೆಯನ್ನು 2027ರ ಕೊನೆಗೆ ನಿಲ್ಲಿಸುವುದಾಗಿ ಕಂಪನಿ ಹೇಳಿರುವುದರಿಂದ, ಹೊಸದಕ್ಕೆ ಬದಲಾಗುವುದನ್ನು ಇಷ್ಟು ದಿನ ಮುಂದೂಡುತ್ತ ಬಂದವರೆಲ್ಲ ಈಗ ಒಟ್ಟಿಗೇ ಎದ್ದು ಹೊರಟಿದ್ದಾರೆ. ಮುಂದಿನ ಸಲ ಅವನು ಮನೆಗೆ ಬಂದಾಗ ‘ಜಮಾ-ಖರ್ಚು ತಾಳೆಯಾಯಿತೇನೋ?’ ಎಂದು ಕೇಳಿ ನೋಡಿ.

ಪ್ರಶ್ನೆ: ನನಗೆ 24 ವರ್ಷ. ಜರ್ಮನಿಯ ಒಂದು ಯಂತ್ರೋಪಕರಣ ಕಾರ್ಖಾನೆಯ ಪ್ರಾಜೆಕ್ಟ್‌ನಲ್ಲಿ ಒಂದೂವರೆ ವರ್ಷದಿಂದ ಇದ್ದೇನೆ. ಕಳೆದ ತಿಂಗಳು ಗ್ರಾಹಕರು ಒಂದು ಹೊಸ ವರದಿ ಬೇಕೆಂದು ವಿವರಿಸುತ್ತಿದ್ದಾಗ ನಾನು ‘ಎಸ್, ಎಸ್’ ಎನ್ನುತ್ತ ಕೇಳಿದೆ. ಕೊನೆಯಲ್ಲಿ ‘ನೋಡೋಣ’ ಎಂಬರ್ಥದಲ್ಲಿ ‘ವಿ ವಿಲ್ ಸೀ’ ಎಂದೆ. ಎರಡು ವಾರದ ನಂತರ ‘ವರದಿ ಎಲ್ಲಿ? ನೀವು ಒಪ್ಪಿದ್ದಿರಿ’ ಎಂಬ ಮೇಲ್ ಬಂತು. ಅದೇ ಸಭೆಯಲ್ಲಿ ಸುಮ್ಮನೆ ಕುಳಿತಿದ್ದ ಮ್ಯಾನೇಜರ್ ಎಲ್ಲರೆದುರು ನನ್ನನ್ನು ಗದರಿದರು. ತಪ್ಪು ನನ್ನದೇ?
— ಒಬ್ಬ ಓದುಗಿ, ದಾವಣಗೆರೆ

ಅರ್ಧ ಮಾತ್ರ ನಿಮ್ಮದು. ಉಳಿದರ್ಧ, ಸಭೆಯಲ್ಲಿ ಸುಮ್ಮನಿದ್ದು ಆಮೇಲೆ ಗದರಿದವರದು. ಒಂದೂವರೆ ವರ್ಷದ ಅನುಭವದವರು ಮಾತಿನ ಸುಳಿಯಲ್ಲಿ ಸಿಕ್ಕಿಕೊಂಡಾಗ ಕೈಹಿಡಿದು ಎಳೆಯುವುದಕ್ಕೆಂದೇ ಹಿರಿಯರೊಬ್ಬರನ್ನು ಸಭೆಯಲ್ಲಿ ಕೂರಿಸಿರುತ್ತಾರೆ. ಇದನ್ನು ಅವರಿಗೆ ಹೇಳಲು ನಿಮಗೆ ಈಗ ಸಾಧ್ಯವಾಗದಿರಬಹುದು, ಆದರೆ ನಿಮ್ಮ ಮನಸ್ಸಿನಲ್ಲಾದರೂ ಲೆಕ್ಕ ಸರಿಯಾಗಿರಲಿ.

ಇನ್ನು ನಿಮ್ಮ ಅರ್ಧದ ಮಾತು. ನಮ್ಮ ಮನೆಗಳಲ್ಲಿ ಅಜ್ಜಿ ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟಬೇಕು. ಹೂಂಗುಟ್ಟುವುದು ನಿಂತರೆ ಮಗು ಮಲಗಿತೆಂದು ಅಜ್ಜಿ ಕಥೆಯನ್ನೂ ನಿಲ್ಲಿಸುತ್ತಾಳೆ. ಆ ‘ಹೂಂ’ಗೆ ‘ಕೇಳುತ್ತಿದ್ದೇನೆ, ಮುಂದುವರಿಸು’ ಎಂದಷ್ಟೇ ಅರ್ಥ. ರಾಜಕುಮಾರ ಮಾಡಿದ್ದೆಲ್ಲ ಸರಿಯೆಂದು ಮಗು ಒಪ್ಪಿಕೊಂಡಂತೆ ಅಲ್ಲ. ನೀವು ಸಭೆಯಲ್ಲಿ ಮಾಡಿದ್ದು ಅದನ್ನೇ. ಆದರೆ ಅದು ಇಂಗ್ಲಿಷಿನಲ್ಲಿ ‘ಎಸ್’ ಎಂದು ಕೇಳಿಸಿತು, ಅತ್ತ ಕಡೆಯವರು ಅದನ್ನು ನಡಾವಳಿಯಲ್ಲಿ ಬರೆದುಕೊಂಡರು. ‘ನೋಡೋಣ’ ಎಂಬುದೂ ಹಾಗೆಯೇ. ಸಂಬಂಧಿಕರು ಮದುವೆಗೆ ನಾಲ್ಕು ದಿನ ಮೊದಲೇ ಬರಬೇಕೆಂದು ಒತ್ತಾಯಿಸಿದಾಗ ‘ನೋಡೋಣ’ ಎಂದರೆ ಬರುವುದಿಲ್ಲವೆಂದು ಇಬ್ಬರಿಗೂ ತಿಳಿಯುತ್ತದೆ, ಯಾರ ಮುಖವೂ ಮುರಿಯುವುದಿಲ್ಲ. ಅದನ್ನೇ ಗ್ರಾಹಕರಿಗೆ ಹೇಳಿದರೆ ನೀವು ನಿಜವಾಗಿಯೂ ನೋಡುತ್ತೀರಿ ಎಂದೇ ಅವರು ನಂಬುತ್ತಾರೆ. ‘ಟ್ರೈ ಮಾಡುತ್ತೇನೆ’ ಎಂಬುದು ಇವೆರಡಕ್ಕಿಂತ ಅಪಾಯಕಾರಿ; ಅದನ್ನು ನಾವು ನಿರಾಕರಣೆಗೂ ಬಳಸುತ್ತೇವೆ, ಭರವಸೆಗೂ ಬಳಸುತ್ತೇವೆ.

ಜರ್ಮನರೆಲ್ಲ ನೇರ ಮಾತಿನವರು, ನಾವೆಲ್ಲ ಸುತ್ತುಬಳಸುವವರು ಎಂಬ ತೀರ್ಮಾನಕ್ಕೆ ದಯವಿಟ್ಟು ಬರಬೇಡಿ. ಆರು ತಿಂಗಳು ಒಂದೇ ಒಂದು ಸಹಿ ಹಾಕದೆ ನುಣುಚಿಕೊಂಡ ಜರ್ಮನ್ ವಿಭಾಗಾಧಿಕಾರಿಯನ್ನೂ, ಮೊದಲ ಐದೇ ನಿಮಿಷದಲ್ಲಿ ‘ಇದು ಆಗದು’ ಎಂದ ಧಾರವಾಡದ ಹುಡುಗಿಯನ್ನೂ ನಾನು ಒಂದೇ ಪ್ರಾಜೆಕ್ಟ್‌ನಲ್ಲಿ ಕಂಡಿದ್ದೇನೆ. ತೊಡಕು ಇರುವುದು ಇಬ್ಬರಿಗೂ ಪರಭಾಷೆಯಾದ ಇಂಗ್ಲಿಷಿನಲ್ಲಿ ಇಬ್ಬರೂ ತಮ್ಮ ತಮ್ಮ ಮನೆಮಾತನ್ನು ಒಳಗೊಳಗೇ ಆಡುತ್ತಿರುವುದರಲ್ಲಿ. ಅವರ ಕಡೆಯಿಂದಲೂ ಇಂಥದ್ದು ನಡೆಯುತ್ತದೆ. ಜರ್ಮನ್ ಭಾಷೆಯಲ್ಲಿ ‘ಹಾಲ್ಬ್ ಆಖ್ಟ್’ ಎಂದರೆ ಪದಶಃ ‘ಅರ್ಧ ಎಂಟು’. ಅದು ನಮ್ಮ ಏಳೂವರೆ. ನಾನು ಮಾತ್ರ ಎಂಟೂವರೆ ಎಂದುಕೊಂಡು ಒಮ್ಮೆ ಕಾರ್ಖಾನೆಯ ಬಾಗಿಲಿಗೆ ಒಂದು ಗಂಟೆ ತಡವಾಗಿ ನಗುನಗುತ್ತ ಹೋಗಿ ನಿಂತಿದ್ದೆ.

ಮಾಡಬೇಕಾದದ್ದು ಸರಳವಾಗಿದೆಯಾದರೂ ರೂಢಿಯಾಗಲು ಸಮಯ ಬೇಕು. ಗ್ರಾಹಕರು ಹೇಳುವಾಗ ‘ಎಸ್’ ಬದಲು ‘ಐ ಆ್ಯಮ್ ನೋಟಿಂಗ್ ಇಟ್’ ಎನ್ನಿ. ಕೇಳಿದ್ದು ಒಪ್ಪಂದದ ವ್ಯಾಪ್ತಿಯಲ್ಲಿ ಇದೆಯೋ ಇಲ್ಲವೋ ತಿಳಿಯದಿದ್ದರೆ, ಪರಿಶೀಲಿಸಿ ಗುರುವಾರದ ಒಳಗೆ ಉತ್ತರಿಸುತ್ತೇನೆಂದು ದಿನ ಗೊತ್ತುಮಾಡಿ ಹೇಳಿ, ಗುರುವಾರದ ಒಳಗೆ ಉತ್ತರಿಸಿ. ಉತ್ತರ ‘ಇನ್ನೂ ತಿಳಿದಿಲ್ಲ’ ಎಂಬುದೇ ಆಗಿದ್ದರೂ ಸರಿ. ಸಭೆ ಮುಗಿದ ದಿನವೇ, ಏನು ಮಾಡಲು ಒಪ್ಪಿದ್ದೇವೆ, ಯಾವುದು ವ್ಯಾಪ್ತಿಯ ಹೊರಗಿದ್ದು ಚೇಂಜ್ ರಿಕ್ವೆಸ್ಟ್ (ಒಪ್ಪಂದದಲ್ಲಿ ಬದಲಾವಣೆ ಕೋರುವ ಪ್ರತ್ಯೇಕ ಮನವಿ) ಆಗಬೇಕು, ಯಾವುದು ಇನ್ನೂ ತೀರ್ಮಾನವಾಗಿಲ್ಲ ಎಂಬುದನ್ನು ಹತ್ತು ಸಾಲು ಮೀರದ ಮೇಲ್‌ನಲ್ಲಿ ಬರೆದು ಎಲ್ಲರಿಗೂ ಕಳುಹಿಸಿ. ಸುಮ್ಮನೆ ಕೂರುವ ಮ್ಯಾನೇಜರ್‌ಗೂ ಅದರ ಪ್ರತಿ ಹೋಗಲಿ. ಗೊತ್ತಿಲ್ಲವೆಂದು ಹೇಳಿದರೆ ಬೆಂಚಿನ ಮೇಲೆ ನಿಲ್ಲಬೇಕಿದ್ದ ಶಾಲೆಗಳಿಂದ ಬಂದವರಿಗೆ ಇದು ಸುಲಭವಲ್ಲವೆಂದು ಬಲ್ಲೆ. ನನಗೆ ನಾಲ್ಕು ವರ್ಷ ಹಿಡಿಯಿತು.

ಆ ವರದಿಯ ವಿಷಯ: ಮಾಡಿಕೊಡಲು ಮೂರು ದಿನದೊಳಗಿನ ಕೆಲಸವಾದರೆ ಮಾಡಿಕೊಟ್ಟು, ಇದು ವ್ಯಾಪ್ತಿಯ ಹೊರಗಿನದೆಂದು ಬರೆದಿಡಿ. ಅದಕ್ಕಿಂತ ದೊಡ್ಡದಾದರೆ ಮ್ಯಾನೇಜರೇ ಗ್ರಾಹಕರೊಡನೆ ಮಾತಾಡಬೇಕು, ನೀವಲ್ಲ.

ಪ್ರಶ್ನೆ: ನಮ್ಮ ಪ್ರಾಜೆಕ್ಟ್‌ನಲ್ಲಿ ನ್ಯೂಯಾರ್ಕ್, ಮ್ಯೂನಿಕ್ ಮತ್ತು ಬೆಂಗಳೂರಿನ ತಂಡಗಳಿವೆ. ಸಂಜೆಯ ಸಭೆ ಒಮ್ಮೆ ಆರೂವರೆಗೆ, ಒಮ್ಮೆ ಏಳೂವರೆಗೆ ಬರುತ್ತದೆ. ಮದುವೆಯಾಗಿ ಎಂಟು ತಿಂಗಳಾಯಿತು. ಮನೆಯಲ್ಲಿ ಯಾವ ಹೊತ್ತಿಗೂ ಮಾತು ಕೊಡಲಾಗುತ್ತಿಲ್ಲ.
— ಒಬ್ಬ ಓದುಗ, ಮೈಸೂರು

ನಮ್ಮ ಗಡಿಯಾರ ವರ್ಷವಿಡೀ ಒಂದೇ. ಅವರದು ಬೇಸಿಗೆಗೆ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ನ್ಯೂಯಾರ್ಕಿನ ಬೆಳಗಿನ ಒಂಬತ್ತು ಚಳಿಗಾಲದಲ್ಲಿ ನಮಗೆ ಸಂಜೆ ಏಳೂವರೆ, ಬೇಸಿಗೆಯಲ್ಲಿ ಆರೂವರೆ. ಸಾಲದ್ದಕ್ಕೆ ಅಮೆರಿಕ ಮಾರ್ಚ್ ತಿಂಗಳ ಎರಡನೇ ಭಾನುವಾರ ಬದಲಿಸಿದರೆ ಯೂರೋಪ್ ಕೊನೆಯ ಭಾನುವಾರದವರೆಗೆ ಕಾಯುತ್ತದೆ. ಹಿಂದಕ್ಕೆ ಬರುವಾಗ ಯೂರೋಪ್ ಅಕ್ಟೋಬರಿನ ಕೊನೆಯ ಭಾನುವಾರ, ಅಮೆರಿಕ ನವೆಂಬರಿನ ಮೊದಲ ಭಾನುವಾರ. ಮಾರ್ಚಿನ ಆ ಎರಡು ಮೂರು ವಾರ ಮತ್ತು ಶರತ್ಕಾಲದ ಒಂದು ವಾರ, ನ್ಯೂಯಾರ್ಕ್‌ಗೂ ಮ್ಯೂನಿಕ್‌ಗೂ ಇರುವ ಆರು ಗಂಟೆಯ ಅಂತರ ಐದಕ್ಕೆ ಇಳಿದು, ಯಾರಾದರೊಬ್ಬರಿಗೆ ಸಭೆ ತಪ್ಪಿಹೋಗುವುದು ಪ್ರತಿ ವರ್ಷದ ಶಾಸ್ತ್ರ. ಆಹ್ವಾನವನ್ನು ಯಾವ ಊರಿನ ಗಡಿಯಾರಕ್ಕೆ ಕಟ್ಟಿದ್ದಾರೆಂದು ನೋಡಿಕೊಂಡು, ಆ ನಾಲ್ಕು ದಿನಾಂಕಗಳನ್ನು ಮನೆಯ ಕ್ಯಾಲೆಂಡರಿನಲ್ಲಿ ಹಬ್ಬಗಳ ಜೊತೆಗೇ ಗುರುತು ಹಾಕಿ.

ನನ್ನ ಮಟ್ಟಿಗೆ ಏಳೂವರೆಯ ಸಭೆ ದೊಡ್ಡ ಸಮಸ್ಯೆಯಲ್ಲ. ಅದು ಮುಗಿದ ಮೇಲೆ ಹತ್ತೂವರೆಗೆ ಬರುವ ‘ಒಂದೇ ಒಂದು ಚಿಕ್ಕ ಕಾಲ್’ ಸಮಸ್ಯೆ. ನಿಮ್ಮ ಮ್ಯೂನಿಕ್ ಸಹೋದ್ಯೋಗಿಗೆ ದಿನದ ಕೆಲಸ ಮುಗಿದ ಮೇಲೆ ಸಾಮಾನ್ಯವಾಗಿ ಕನಿಷ್ಠ ಹನ್ನೊಂದು ಗಂಟೆಯ ವಿರಾಮ ಕೊಡಬೇಕೆಂದು ಅಲ್ಲಿನ ಕಾನೂನಿದೆ. ನಿಮ್ಮನ್ನು ಅಲ್ಲಿಗೆ ಕಳುಹಿಸಿದರೆ ಅದು ನಿಮಗೂ ಅನ್ವಯಿಸುತ್ತದೆ. ಮೈಸೂರಿನಲ್ಲಿ ಕುಳಿತವರನ್ನು ಅದು ಕಾಯುವುದಿಲ್ಲ. ಆದ್ದರಿಂದ ರಾತ್ರಿಯ ಕರೆಗಳಿಗೆ ತಂಡದಲ್ಲಿ ಸರದಿ ಹಾಕಬೇಕೆಂದು ನೀವೇ ಕೇಳಬೇಕು, ಒಬ್ಬರೇ ಕೇಳದೆ ನಾಲ್ವರು ಸೇರಿ ಕೇಳಿ.

ಪ್ರಶ್ನೆ: ಮೂರು ವಾರ ಗ್ರಾಹಕರ ಕಾರ್ಖಾನೆಯಲ್ಲಿ ಕುಳಿತು ಸಿಸ್ಟಂ ಹೊಂದಿಸಲು ಬಿಸಿನೆಸ್ ವೀಸಾದಲ್ಲಿ ಯೂರೋಪಿಗೆ ಹೋಗೆಂದು ಕಂಪನಿ ಹೇಳುತ್ತಿದೆ. ವಿಮಾನ ನಿಲ್ದಾಣದಲ್ಲಿ ಕೇಳಿದರೆ ‘ಮೀಟಿಂಗ್’ ಎನ್ನಬೇಕಂತೆ.
— ಒಬ್ಬ ಓದುಗ, ಹುಬ್ಬಳ್ಳಿ

ಹೋಗಬೇಡಿ. ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಿಗುವ ಷೆಂಗೆನ್ ವೀಸಾ ಯಾವುದೇ 180 ದಿನಗಳಲ್ಲಿ 90 ದಿನ ಇರಲು ಬಿಡುತ್ತದೆ ಎಂಬುದು ವಾಸದ ಲೆಕ್ಕ, ದುಡಿಯುವ ಅನುಮತಿಯ ಲೆಕ್ಕವಲ್ಲ. ಸಭೆ, ಮಾತುಕತೆ ಸರಿ. ಕುಳಿತು ಕೆಲಸ ಮಾಡಿ ಮುಗಿಸಿಕೊಡುವುದಕ್ಕೆ ಬೇರೆ ಪರವಾನಗಿ ಬೇಕಾಗುತ್ತದೆ. ಸಿಕ್ಕಿಬಿದ್ದರೆ ಪ್ರವೇಶ ನಿಷೇಧದ ಮುದ್ರೆ ಬೀಳುವುದು ನಿಮ್ಮ ಪಾಸ್‌ಪೋರ್ಟಿನ ಹೆಸರಿಗೆ. ನಿಮಗೆ ಬಾಯಿಮಾತಿನಲ್ಲಿ ಹೇಳಿದ್ದನ್ನು ಬರವಣಿಗೆಯಲ್ಲಿ ಕೊಡುವಂತೆ ವಿನಯದಿಂದ ಕೇಳಿ. ಬಹುಮಟ್ಟಿಗೆ ಅಲ್ಲಿಗೇ ಆ ಪ್ರಯಾಣ ರದ್ದಾಗುತ್ತದೆ.

ಪ್ರಶ್ನೆ: ಇನಿಷಿಯಲ್ ಬಿಡಿಸಿ ಬರೆಯಬೇಕೆಂದಾಗ ಏಜೆಂಟರು ನಮ್ಮ ಊರಿನ ಹೆಸರನ್ನೇ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಮಾಡಿಬಿಟ್ಟಿದ್ದಾರೆ. ಈಗ ಗ್ರಾಹಕರೆಲ್ಲ ನನ್ನನ್ನು ‘ಮಿಸ್ಟರ್ ಹೊಸಹಳ್ಳಿ’ ಎಂದು ಕರೆಯುತ್ತಾರೆ.
— ಒಬ್ಬ ಓದುಗ, ಚಿತ್ರದುರ್ಗ ಜಿಲ್ಲೆ

ಊರಿಗೆ ಇದಕ್ಕಿಂತ ದೊಡ್ಡ ಗೌರವ ಯಾರೂ ತಂದಿರಲಿಕ್ಕಿಲ್ಲ. ಗಂಭೀರವಾಗಿ ಹೇಳುವುದಾದರೆ, ಎರಡೂ ಹೆಸರಿನ ಜಾಗ ತುಂಬಿರುವುದು ನಿಮ್ಮ ಅದೃಷ್ಟ. ಒಂದೇ ಹೆಸರಿದ್ದವರ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’, ಅಂದರೆ ‘ಮೊದಲ ಹೆಸರು ತಿಳಿದಿಲ್ಲ’ ಎಂದು ಅಚ್ಚಾಗುತ್ತದೆ; ನನ್ನ ಗೆಳೆಯನೊಬ್ಬನನ್ನು ಅಲ್ಲಿಯ ಬ್ಯಾಂಕಿನವರು ವರ್ಷಗಟ್ಟಲೆ ‘ಫ್ನೂ’ ಎಂದೇ ಕರೆದರು. ಪದವಿಪತ್ರ, ಪ್ಯಾನ್, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೇ ನೋಡಿಕೊಳ್ಳಿ, ಮೇಲ್‌ನ ಕೊನೆಗೆ ನಿಮ್ಮನ್ನು ಕರೆಯಬೇಕಾದ ಹೆಸರನ್ನು ಬರೆಯಿರಿ.

ಪ್ರಶ್ನೆ: ಹತ್ತು ದಿನದ ಹಿಂದೆ ನಮ್ಮ ಪ್ರಾಜೆಕ್ಟ್ ಗೋ-ಲೈವ್ ಆಯಿತು, ಅಂದರೆ ಹೊಸ ಸಿಸ್ಟಂ ನಿಜವಾದ ಬಳಕೆಗೆ ಬಂತು. ಬಿಡಿಭಾಗಗಳ ಬೆಲೆಗಳನ್ನು ಹಳೆಯ ಸಿಸ್ಟಂನಿಂದ ಹೊಸದಕ್ಕೆ ಏರಿಸಿದವಳು ನಾನು. ನಿನ್ನೆ ನೋಡಿದರೆ ಕೆಲವು ಭಾಗಗಳ ಬೆಲೆ 1,250 ಯೂರೋ ಇರಬೇಕಾದದ್ದು 1 ಯೂರೋ 25 ಸೆಂಟ್ ಆಗಿದೆ. ಇನ್ನೂ ಯಾರೂ ಗಮನಿಸಿಲ್ಲ. ಸದ್ದಿಲ್ಲದೆ ಸರಿಪಡಿಸಬಹುದೇ?
— ಒಬ್ಬ ಓದುಗಿ, ಕಲಬುರಗಿ

ಪತ್ರಿಕೆ ಅಚ್ಚಾಗುವವರೆಗೆ ಕಾಯುವ ವಿಷಯ ಇದಲ್ಲವಾದ್ದರಿಂದ ಇವರಿಗೆ ಅಂದೇ ಉತ್ತರಿಸಿದ್ದೆ. ಇತರರಿಗೂ ಉಪಯೋಗವಾಗಲೆಂದು ಇಲ್ಲಿ ಕೊಡುತ್ತಿದ್ದೇನೆ.

ಇದು ಜರ್ಮನ್ ಪ್ರಾಜೆಕ್ಟ್‌ಗಳ ಹಳೆಯ ಗುಂಡಿ. ಅಲ್ಲಿ ಸಾವಿರಕ್ಕೆ ಚುಕ್ಕೆ, ದಶಾಂಶಕ್ಕೆ ಅಲ್ಪವಿರಾಮ. ನಮ್ಮಲ್ಲಿ ಅದಕ್ಕೆ ತದ್ವಿರುದ್ಧ. ಅವರು 1.250 ಎಂದು ಬರೆದ ಕಡತವನ್ನು ನಮ್ಮ ಲ್ಯಾಪ್‌ಟಾಪಿನ ಎಕ್ಸೆಲ್‌ನಲ್ಲಿ ತೆರೆದರೆ ಅದು ಒಂದೂಕಾಲು ಎಂದು ಓದಿಕೊಳ್ಳುತ್ತದೆ. ಬೆಲೆಗಳೆಲ್ಲ ಪೂರ್ಣ ಯೂರೋಗಳಲ್ಲಿದ್ದರೆ, ನೂರಾರು ಸಾಲುಗಳಲ್ಲಿ ಸಾವಿರ ದಾಟಿದವು ಮಾತ್ರ ಕೆಡುವುದರಿಂದ ಪರೀಕ್ಷೆಯ ವೇಳೆ ಕಣ್ಣಿಗೆ ಬೀಳುವುದಿಲ್ಲ. ಏರಿಸಿದವರು ನೀವು, ಆದರೆ ತಾಳೆ ನೋಡಿ ಸಹಿ ಹಾಕಿದವರು ಗ್ರಾಹಕರ ಕಡೆಯಲ್ಲೂ ಇರುತ್ತಾರೆ.

ಸದ್ದಿಲ್ಲದೆ ಸರಿಪಡಿಸಲು ಆಗದು, ಏಕೆಂದರೆ ಯಾರು ಯಾವಾಗ ಬೆಲೆ ಬದಲಿಸಿದರೆಂಬುದನ್ನು ಸಿಸ್ಟಂ ಬರೆದಿಟ್ಟುಕೊಳ್ಳುತ್ತದೆ. ಈಗಾಗಲೇ ಆ ಬೆಲೆಗೆ ಬಿಲ್ಲು ಹೋಗಿದ್ದರೆ ಅದನ್ನು ಅಳಿಸಲೂ ಬರುವುದಿಲ್ಲ. ಹಾಸನದ ತಾಯಿಯವರ ಲೆಕ್ಕದ ಪುಸ್ತಕದಂತೆಯೇ, ತಪ್ಪು ನಮೂದನ್ನು ಹಾಗೆಯೇ ಬಿಟ್ಟು ಎದುರು ನಮೂದು ಹಾಕಿ ರದ್ದು ಮಾಡಬೇಕು. ಆ ಎರಡೂ ನಮೂದುಗಳು ಲೆಕ್ಕಪರಿಶೋಧಕರಿಗೆ ಕಾಣುತ್ತವೆ.

ನನ್ನ ಮೂರನೆಯ ವರ್ಷದಲ್ಲಿ ಇಂಥದ್ದೇ ಒಂದು ತಪ್ಪನ್ನು ಶುಕ್ರವಾರ ಸಂಜೆ ಕಂಡು, ಸೋಮವಾರ ಬೆಳಿಗ್ಗೆ ಹೇಳಿದರಾಯಿತೆಂದು ಮನೆಗೆ ಹೋಗಿದ್ದೆ. ಬಿಲ್ಲುಗಳ ಓಟ, ಅಂದರೆ ಸಿಸ್ಟಂ ಬಿಲ್ಲುಗಳನ್ನೆಲ್ಲ ಒಟ್ಟಿಗೆ ತಯಾರಿಸುವ ಕೆಲಸ, ಭಾನುವಾರ ರಾತ್ರಿ ಇದ್ದದ್ದು ನನಗೆ ಹೊಳೆಯಲಿಲ್ಲ. ಸೋಮವಾರ ಹೇಳುವ ಹೊತ್ತಿಗೆ ತಪ್ಪು ಬೆಲೆಯ ಬಿಲ್ಲುಗಳು ಗ್ರಾಹಕರ ಗ್ರಾಹಕರನ್ನು ತಲುಪಿದ್ದವು. ಬೈಗುಳ ತಪ್ಪಿಗೆ ಬೀಳಲಿಲ್ಲ, ಶುಕ್ರವಾರಕ್ಕೂ ಸೋಮವಾರಕ್ಕೂ ನಡುವಿನ ಎರಡು ದಿನಕ್ಕೆ ಬಿತ್ತು.

ಆದ್ದರಿಂದ ಮೊದಲು ಬಿಲ್ಲಿಂಗ್ ಓಟ ಯಾವ ಹೊತ್ತಿಗಿದೆಯೆಂದು ನೋಡಿ, ನಿಮ್ಮ ತಂಡದ ಲೀಡ್‌ಗೆ ಫೋನ್ ಮಾಡಿ ಅದನ್ನು ತಡೆಯಲು ಹೇಳಿ. ಯಾವ ಯಾವ ಭಾಗಗಳು, ಯಾವ ದಿನದಿಂದ, ಎಷ್ಟು ಆರ್ಡರ್‌ಗಳಲ್ಲಿ ಬಳಕೆಯಾಗಿವೆ ಎಂಬ ಪಟ್ಟಿಯನ್ನು ಆಮೇಲೆ ಮಾಡಿ; ಕ್ಷಮೆ ಕೇಳುವ ಸಾಲನ್ನು ಅದಕ್ಕೂ ಆಮೇಲೆ ಬರೆದರೆ ಸಾಕು. ಬಿಲ್ಲಿಂಗ್ ಅಂದು ರಾತ್ರಿ ಹನ್ನೊಂದಕ್ಕೆ ಇತ್ತೆಂದೂ, ಒಂಬತ್ತಕ್ಕೆ ತಡೆದರೆಂದೂ ಅವರು ಮರುದಿನ ಬರೆದಿದ್ದರು.